‘ಪ್ರಿಮಿಟಿವ್’ ಶಬ್ದದ ಅರ್ಥವಿಚಾರ

ಇಂಗ್ಲಿಷಿನ ‘ಪ್ರಿಮಿಟಿವ್’ ಎಂಬ ವಿಶೇಷಣವನ್ನು ಕನ್ನಡದಲ್ಲಿ ‘ಅನಾಗರಿಕ’ ಎಂದು ಅನುವಾದಿಸುವುದುಂಟು. ಶಬ್ದದ ಮೂಲವನ್ನು ಶೋಧಿಸಿದರೆ ಈ ಅನುವಾದವು ಏಕದೇಶೀಯವೆಂಬುದು ವಿದಿತವಾಗುತ್ತದೆ.

ಲ್ಯಾಟಿನ್ ಭಾಷೆಯಲ್ಲಿ ‘ಪ್ರೀಮುಸ್’ ಎಂದರೆ ಮೊದಲನೆಯದು. ಅದರಿಂದ ‘ಪ್ರೀಮಿಟೀವುಸ್’, ಎಂದರೆ ತನ್ನ ಬಗೆಯಲ್ಲಿ ಮೊತ್ತಮೊದಲು ಹುಟ್ಟಿದುದು. ಶಬ್ದವು ಇಂಗ್ಲಿಷಿಗೆ ಬಂದಾಗ ಅದರಲ್ಲಿ ಹೀನಾರ್ಥವಿರಲಿಲ್ಲ. ಬೇರೊಂದು ಪದದಿಂದ ಸಾಧಿತವಾಗದ ಮೂಲಪದವನ್ನು ವೈಯಾಕರಣರು ಹಾಗೆ ಕರೆದರು. ಕ್ರೈಸ್ತ ಪಂಡಿತರಿಗೆ ‘ಪ್ರಿಮಿಟಿವ್ ಚರ್ಚ್’ ಎಂದರೆ ಆದಿಕಾಲದ ಧರ್ಮಸಭೆ. ಇಂಗ್ಲೆಂಡಿನ ಮೆಥಡಿಸ್ಟರಲ್ಲಿ ಒಂದು ಪಂಗಡವು 1812ರಲ್ಲಿ ‘ಪ್ರಿಮಿಟಿವ್ ಮೆಥಡಿಸ್ಟ್’ ಎಂಬ ಹೆಸರನ್ನು ತಾನಾಗಿಯೇ ಧರಿಸಿತು. ಮೂಲದ ಸರಳ ನಿಷ್ಠೆಗೆ ಮರಳಿದವರು ತಾವೆಂಬುದೇ ಅದರ ಇಂಗಿತ.

ಅರ್ಥವು ತಿರುಗಿದ್ದು 19ನೆಯ ಶತಮಾನದಲ್ಲಿ. 1871ರಲ್ಲಿ ಪ್ರಕಟವಾದ ಟೈಲರನ ‘ಪ್ರಿಮಿಟಿವ್ ಕಲ್ಚರ್’ ಗ್ರಂಥವು ವನ್ಯ, ಬರ್ಬರ, ನಾಗರಿಕ ಎಂಬ ಮೆಟ್ಟಿಲುಗಳಲ್ಲಿ ಮಾನವನ ಬೆಳವಣಿಗೆಯನ್ನು ನಿರೂಪಿಸಿತು. ತನ್ನ ಕಾಲದಲ್ಲಿಯೇ ಬದುಕಿದ್ದ ಜನಾಂಗಗಳನ್ನು ಆ ವಿಚಾರಧಾರೆಯು ಕೆಳಗಿನ ಮೆಟ್ಟಿಲಿನಲ್ಲಿ ನಿಲ್ಲಿಸಿತು. ಕಾಲವನ್ನು ಸೂಚಿಸುತ್ತಿದ್ದ ಪದವು ಹೀಗೆ ಅಂತಸ್ತನ್ನು ಸೂಚಿಸತೊಡಗಿತು. ಇಂಥವರ ಬುದ್ಧಿಯು ಸಹಜವಾಗಿಯೇ ಕೀಳೆಂಬ ನಂಬಿಕೆಯನ್ನು 1911ರಲ್ಲಿ ಫ್ರಾನ್ಸ್ ಬೋವಾಸ್ ಖಂಡಿಸಿದನಾದರೂ ಶಬ್ದಕ್ಕಂಟಿದ ಕಳಂಕ ತೊಲಗಲಿಲ್ಲ. ಭಾರತ ಸರ್ಕಾರವು ಕೆಲವು ಬುಡಕಟ್ಟುಗಳನ್ನು ‘ಪ್ರಿಮಿಟಿವ್’ ಎಂದೇ ಪಟ್ಟಿಮಾಡಿತು. ಕರ್ನಾಟಕದ ಜೇನುಕುರುಬರೂ ಕೊರಗರೂ ಅದರಲ್ಲಿ ಸೇರಿದ್ದರು. 2006ರಲ್ಲಿ ಆ ವಿಶೇಷಣವನ್ನು ಕೈಬಿಟ್ಟು, ‘ವಿಶೇಷವಾಗಿ ದುರ್ಬಲ’ ಎಂಬರ್ಥದ ಹೆಸರನ್ನು ಇಡಲಾಯಿತು.

ಶಬ್ದದ ಮೊದಲಿನ ಗೌರವಾರ್ಥವು ವೀರಶೈವ ಸಾಹಿತ್ಯದ ಅಭ್ಯಾಸಿಗಳಿಗೆ ಅಪರಿಚಿತವಲ್ಲ. ‘ಆದ್ಯರು’, ‘ಪುರಾತನರು’ ಎಂಬ ಮಾತುಗಳಲ್ಲಿ ಇರುವುದು ಅದೇ ಭಾವ. ಅರುವತ್ತುಮೂವರು ಪುರಾತನರಲ್ಲಿ ಬೇಡರ ಕಣ್ಣಪ್ಪನೂ ಒಬ್ಬನೆಂಬುದು ಇಲ್ಲಿ ಮನನೀಯ. ಕಾಡಿನಲ್ಲಿ ಬೇಟೆಯಾಡಿ, ಮಾಂಸವನ್ನೇ ಶಿವನಿಗೆ ಅರ್ಪಿಸಿದ ಆತನನ್ನು ಟೈಲರನ ಕಾಲದ ವಿದ್ವಾಂಸರು ಕೆಳಗಿನ ಮೆಟ್ಟಿಲಿನಲ್ಲಿ ಇರಿಸುತ್ತಿದ್ದರು. ಶರಣ ಪರಂಪರೆಯು ಆತನನ್ನು ವಂದ್ಯರ ಸಾಲಿನಲ್ಲಿ ಕುಳ್ಳಿರಿಸಿತು.

ಆದುದರಿಂದ ಅನುವಾದಕನು ಸಂದರ್ಭವನ್ನರಿತು ನಡೆಯಬೇಕು. ವ್ಯಾಕರಣದಲ್ಲಿ ‘ಮೂಲ’, ಧರ್ಮಚರಿತ್ರೆಯಲ್ಲಿ ‘ಆದ್ಯ’, ಕಲೆ ಹಾಗೂ ಉಪಕರಣಗಳ ವಿಷಯದಲ್ಲಿ ‘ಆದಿಮ’ ಎಂಬ ಪದಗಳು ಸಲ್ಲುತ್ತವೆ. ಮೂಲ ಲೇಖಕನೇ ತಿರಸ್ಕಾರದಿಂದ ನುಡಿದಿದ್ದರೆ ಮಾತ್ರ ‘ಅನಾಗರಿಕ’ ಎಂಬುದು ಯಥಾರ್ಥ. ಆಗ ಅದು ವರ್ಣಿತ ಜನರಿಗಿಂತ ವರ್ಣಿಸಿದವನ ದೃಷ್ಟಿಯನ್ನೇ ತೋರಿಸುತ್ತದೆ. ಮೂಲದಲ್ಲಿಲ್ಲದ ನಿಂದೆಯನ್ನು ಭಾಷಾಂತರದಲ್ಲಿ ಸೇರಿಸುವುದು ವಿದ್ವತ್ತಿಗೂ ಸಲ್ಲದು, ಧರ್ಮಕ್ಕೂ ಸಲ್ಲದು.