ಶಿಕಾರಿ ಮತ್ತು ಓತಿ: ಹಿಡಿಯುವುದು ಯಾವಾಗ, ಬಿಡುವುದು ಯಾವಾಗ

ಯಶವಂತ ಚಿತ್ತಾಲರ 'ಶಿಕಾರಿ' ಪ್ರಕಟವಾದದ್ದು 1979ರಲ್ಲಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಬಂದದ್ದು ಮರುವರ್ಷ, 1980ರಲ್ಲಿ. ಒಂದು ಮುಂಬಯಿಯ ಕಾದಂಬರಿ, ಇನ್ನೊಂದು ಮೂಡಿಗೆರೆಯದು. ಒಂದನ್ನು ನಾವು ನವ್ಯದ ಕಪಾಟಿನಲ್ಲಿಟ್ಟು ಅಸ್ತಿತ್ವವಾದ, ಕಾಫ್ಕಾ ಎಂದೆಲ್ಲ ಗಂಭೀರವಾಗಿ ಮಾತಾಡುತ್ತೇವೆ. ಇನ್ನೊಂದನ್ನು ರೈಲಿನಲ್ಲಿ ಓದಿ ನಕ್ಕು, ಪಕ್ಕದವರಿಗೆ ಕೊಟ್ಟುಬಿಡುತ್ತೇವೆ. ಎರಡನ್ನೂ ಒಟ್ಟಿಗಿಟ್ಟು ಓದುವ ರೂಢಿ ನಮ್ಮಲ್ಲಿ ಹೆಚ್ಚು ಇದ್ದಂತಿಲ್ಲ. ಆದರೆ ಎರಡೂ ಬೇಟೆಯ ಕಥೆಗಳು. ಒಂದರಲ್ಲಿ ಮನುಷ್ಯನನ್ನೇ ಏನೋ ಬೆನ್ನಟ್ಟುತ್ತಿದೆ. ಇನ್ನೊಂದರಲ್ಲಿ ಕೆಲವು ಮನುಷ್ಯರು ಒಂದು ಹಾರುವ ಓತಿಯನ್ನು ಬೆನ್ನಟ್ಟುತ್ತಾರೆ. ಒತ್ತಡವೆಂದರೇನು, ಹಟ ಹಿಡಿದು ಮುಂದುವರಿಯುವುದು ಯಾವಾಗ ಸರಿ, ಯಾವಾಗ ತಪ್ಪು ಎಂಬ ಪ್ರಶ್ನೆಗೆ ಈ ಎರಡು ಪುಸ್ತಕಗಳ ನಡುವಿನ ಜಾಗದಲ್ಲಿ ಒಳ್ಳೆಯ ಉತ್ತರವಿದೆ ಎಂಬುದು ನನ್ನ ವಾದ.

ಈ ಪ್ರಶ್ನೆ ನಮ್ಮಂಥವರಿಗೆ ಪುಸ್ತಕದ ಪ್ರಶ್ನೆಯಲ್ಲ. ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು, ಮುಗಿಯದ ಪ್ರಾಜೆಕ್ಟ್ ಒಂದನ್ನು ಇನ್ನೂ ಆರು ತಿಂಗಳು ಎಳೆಯಬೇಕೋ, ಓದುತ್ತಿರುವ ಪಿಎಚ್‌ಡಿಯನ್ನು ಬಿಡಬೇಕೋ, ಊರಿಗೆ ವಾಪಸು ಹೋಗಬೇಕೋ ಎಂದು ಲೆಕ್ಕ ಹಾಕದವರು ನಮ್ಮಲ್ಲಿ ಯಾರಿದ್ದಾರೆ? ತಾಳಿದವನು ಬಾಳಿಯಾನು ಎಂಬ ಗಾದೆ ನಮಗೆ ಗೊತ್ತು. ನೀರಿಳಿಯದ ಗಂಟಲಲ್ಲಿ ಕಡುಬು ತುರುಕಿದರು ಎಂಬ ಗಾದೆಯೂ ಗೊತ್ತು. ಯಾವ ಹೊತ್ತಿಗೆ ಯಾವ ಗಾದೆ ಎಂಬುದನ್ನು ಮಾತ್ರ ಗಾದೆಗಳು ಹೇಳುವುದಿಲ್ಲ. ವಿಮಾನ ನಿಲ್ದಾಣದ ಅಂಗಡಿಯಲ್ಲಿ ಸಿಗುವ ಸ್ಫೂರ್ತಿ ಪುಸ್ತಕಗಳೂ ಹೇಳುವುದಿಲ್ಲ. ಅವು ಗೆದ್ದವರ ಕಥೆ. ಗೆದ್ದವರ ಹಟ ಸರಿಯಾಗಿತ್ತು ಎಂದು ಗೆದ್ದ ಮೇಲೆ ಹೇಳುವುದಕ್ಕೆ ಬುದ್ಧಿ ಬೇಕಾಗಿಲ್ಲ. ಕಾದಂಬರಿಯ ಅನುಕೂಲ ಇರುವುದು ಇಲ್ಲೇ. ಫಲಿತಾಂಶ ಗೊತ್ತಿಲ್ಲದ ಹೊತ್ತಿನಲ್ಲಿ ಮನುಷ್ಯ ಹೇಗಿರುತ್ತಾನೆ ಎಂಬುದನ್ನು ಅದು ತೋರಿಸಬಲ್ಲದು.

ಮೊದಲು 'ಶಿಕಾರಿ'. ಉತ್ತರ ಕನ್ನಡದ ಹನೇಹಳ್ಳಿಯಲ್ಲಿ ಹುಟ್ಟಿದ ಚಿತ್ತಾಲರು ಮುಂಬಯಿಯ ರಾಸಾಯನಿಕ ಉದ್ಯಮದಲ್ಲಿ ದುಡಿದವರು. ಕಂಪನಿ ಎಂಬ ಜಗತ್ತನ್ನು ಅವರು ಹೊರಗೆ ನಿಂತು ಬೈದವರಲ್ಲ, ಒಳಗಿದ್ದು ಕಂಡವರು. ಕಾದಂಬರಿಯ ನಾಗಪ್ಪನೂ ಅದೇ ಕರಾವಳಿಯಿಂದ ಬಂದು ಮುಂಬಯಿಯ ರಾಸಾಯನಿಕ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಗೇರಿದವನು. ಅವನನ್ನು ಇದ್ದಕ್ಕಿದ್ದಂತೆ ಕೆಲಸದಿಂದ ಅಮಾನತು ಮಾಡುತ್ತಾರೆ. ತಾನು ಮಾಡಿದ ತಪ್ಪೇನು ಎಂಬುದು ಅವನಿಗೆ ಸ್ಪಷ್ಟವಿಲ್ಲ. ಇದರ ಹಿಂದೆ ಯಾರಿದ್ದಾರೆ ಎಂಬುದೂ ಸ್ಪಷ್ಟವಿಲ್ಲ.

ಇಲ್ಲಿಂದ ಮುಂದೆ ಕಾದಂಬರಿಯ ಹೆಚ್ಚಿನ ಪಾಲು ನಡೆಯುವುದು ನಾಗಪ್ಪನ ತಲೆಯೊಳಗೆ. ಯಾರೋ ಆಡಿದ ಮಾತು, ಯಾರೋ ಆಡದೆ ಉಳಿಸಿದ ಮಾತು, ಎಂದೋ ಊರಲ್ಲಿ ನಡೆದದ್ದು, ಎಲ್ಲವೂ ಒಂದೇ ಸಂಚಿನ ಎಳೆಗಳಂತೆ ಹೆಣೆದುಕೊಳ್ಳುತ್ತವೆ. ಓದುಗನಿಗೂ ಉಸಿರು ಕಟ್ಟುತ್ತದೆ. ಇದು ಪುಸ್ತಕದ ದೋಷ ಎಂದು ದೂರುವವರಿದ್ದಾರೆ. ವಾಕ್ಯಗಳು ಸುತ್ತಿ ಸುತ್ತಿ ಬರುತ್ತವೆ, ಕಥೆ ಮುಂದೆ ಸಾಗುವುದಿಲ್ಲ ಎನ್ನುತ್ತಾರೆ. ಆದರೆ ಒತ್ತಡದ ಮನಸ್ಸಿನ ರೀತಿಯೇ ಅದು: ದುಡಿಯುತ್ತಲೇ ಇರುತ್ತದೆ, ಮುಂದೆ ಹೋಗುವುದಿಲ್ಲ. ಚಿತ್ತಾಲರ ಗದ್ಯ ಒತ್ತಡವನ್ನು ವರ್ಣಿಸುತ್ತಿಲ್ಲ, ಅದನ್ನು ಓದುಗನ ಮೈಮೇಲೇ ಹೇರುತ್ತಿದೆ.

ಗಮನಿಸಿ: ನಾಗಪ್ಪನನ್ನು ಹಿಂಡುವುದು ಕೆಲಸದ ಹೊರೆಯಲ್ಲ. ಅಮಾನತಾದವನಿಗೆ ಕೆಲಸವೇ ಇಲ್ಲ. ಅವನನ್ನು ಹಿಂಡುವುದು ತಿಳಿಯದಿರುವುದು. ಒತ್ತಡವೆಂದರೆ ಹೆಚ್ಚು ಕೆಲಸ ಎಂದು ನಾವು ಸುಲಭವಾಗಿ ಅಂದುಕೊಳ್ಳುತ್ತೇವೆ. ಹದಿನೈದು ಇಪ್ಪತ್ತು ವರ್ಷ ತಂಡಗಳ ಜೊತೆ ಕೆಲಸ ಮಾಡಿದ ಮೇಲೆ ನನಗೆ ಕಂಡಿರುವುದು ಬೇರೆ. ರಿಲೀಸಿನ ಹಿಂದಿನ ವಾರ ರಾತ್ರಿ ಹನ್ನೊಂದರವರೆಗೆ ಕೂತ ಹುಡುಗರು ದಣಿದಿರುತ್ತಾರೆ, ಆದರೆ ನಗುತ್ತಿರುತ್ತಾರೆ. ಪ್ರಾಜೆಕ್ಟ್ ನಿಲ್ಲುತ್ತದಂತೆ ಎಂಬ ಗುಸುಗುಸು ಹಬ್ಬಿ, ಮೇಲಿನವರು ಬಾಯಿ ಬಿಡದ ವಾರದಲ್ಲಿ ಕೆಲಸ ಕಡಿಮೆ ಇದ್ದರೂ ಯಾರ ಮುಖದಲ್ಲೂ ಕಳೆ ಇರುವುದಿಲ್ಲ. ಪ್ರತಿ ಮೀಟಿಂಗೂ ಸುಳಿವು, ಪ್ರತಿ ಮೌನವೂ ಸುಳಿವು. ಆಗ ಎಲ್ಲರೂ ಸ್ವಲ್ಪ ಸ್ವಲ್ಪ ನಾಗಪ್ಪರೇ. 'ಶಿಕಾರಿ'ಯನ್ನು ಕಂಪನಿಗಳ ಕ್ರೌರ್ಯದ ಕಥೆಯಾಗಿ ಓದುವುದು ಸರಿಯೇ. ಆ ಕ್ರೌರ್ಯದ ಹತಾರ ಯಾವುದು ಎಂದೂ ಕೇಳಿಕೊಳ್ಳಬೇಕು. ಅದು ಬೈಗುಳವಲ್ಲ, ಹೊರೆಯಲ್ಲ, ಅರ್ಧ ಹೇಳಿ ಅರ್ಧ ನುಂಗುವ ಮಾತು.

ಹೀಗೆ ಬೆನ್ನಟ್ಟಿಸಿಕೊಂಡ ಮನುಷ್ಯ ಹಟ ಹಿಡಿದರೆ ಅದು ಎಂಥ ಹಟ? ನಾಗಪ್ಪನ ಹಟ ತನಗೇನೋ ಬೇಕು ಎಂಬುದರಿಂದ ಹುಟ್ಟಿದ್ದಲ್ಲ, ಏನನ್ನೋ ಕಳೆದುಕೊಂಡೇನು ಎಂಬುದರಿಂದ ಹುಟ್ಟಿದ್ದು. ಹೆಸರು, ಹುದ್ದೆ, ಊರು ಬಿಟ್ಟು ಬಂದದ್ದಕ್ಕೆ ಒಂದು ಸಮರ್ಥನೆ. ವಲಸೆ ಬಂದವನಿಗೆ ಈ ಭಯ ಎರಡು ಪಟ್ಟು. ಇಲ್ಲಿ ಸೋತರೆ ಅಲ್ಲಿಗೆ ಏನು ಮುಖ ಹೊತ್ತು ಹೋಗುವುದು ಎಂಬ ಲೆಕ್ಕ ಅವನ ಬೆನ್ನಿಗೇ ಇರುತ್ತದೆ.

ಈಗ 'ಕರ್ವಾಲೊ'. ಅಲ್ಲಿನ ನಿರೂಪಕನೂ ಮೊದಲಿಗೆ ಬಿಡುವ ಯೋಚನೆಯಲ್ಲೇ ಇದ್ದಾನೆ. ಬೇಸಾಯ ಅವನಿಗೆ ಸಾಕಾಗಿದೆ. ಆ ಹೊತ್ತಿನಲ್ಲಿ ಅವನಿಗೆ ಮೂಡಿಗೆರೆಯ ಜೇನು ಸೊಸೈಟಿಯ ಮಂದಣ್ಣ ಸಿಗುತ್ತಾನೆ, ವಿಜ್ಞಾನಿ ಕರ್ವಾಲೊ ಸಿಗುತ್ತಾರೆ. ಊರವರ ಕಣ್ಣಿಗೆ ಮಂದಣ್ಣ ಕೆಲಸಕ್ಕೆ ಬಾರದವನು. ಕರ್ವಾಲೊ ಕಣ್ಣಿಗೆ ಅವನು ಹುಟ್ಟಾ ನಿಸರ್ಗತಜ್ಞ. ಇಷ್ಟು ದೊಡ್ಡ ವಿಜ್ಞಾನಿ ಈ ಅಬ್ಬೇಪಾರಿಯ ಹಿಂದೆ ಯಾಕೆ ಬಿದ್ದಿದ್ದಾರೆ ಎಂಬುದು ನಿರೂಪಕನಿಗೆ ಒಗಟು. ಮಂದಣ್ಣ ಕಾಡಿನಲ್ಲಿ ಹಾರುವ ಓತಿಯನ್ನು ಕಂಡಿದ್ದಾನೆ ಎಂಬುದು ಆಮೇಲೆ ತಿಳಿಯುತ್ತದೆ.

ಮುಂದಿನದು ಎಲ್ಲರಿಗೂ ಗೊತ್ತು. ಬಿರಿಯಾನಿ ಕರಿಯಪ್ಪ, ಹಾವು ಹಿಡಿಯುವ ಎಂಗ್ಟ, ಫೋಟೋಗ್ರಾಫರ್ ಪ್ರಭಾಕರ, ನಾಯಿ ಕಿವಿ, ಎಲ್ಲರೂ ಕಾಡು ಹೊಗುತ್ತಾರೆ. ಓತಿ ಕಾಣಿಸುತ್ತದೆ. ಕಡೆಗೆ ಅದು ಕೈಗೆ ಸಿಗದೆ ಕಣಿವೆಯ ಆಳಕ್ಕೆ ತೇಲಿ ಹೋಗುತ್ತದೆ. ಯೋಜನೆಯ ಭಾಷೆಯಲ್ಲಿ ಹೇಳುವುದಾದರೆ ಇದು ಪೂರ್ತಿ ಸೋಲು. ಇಟ್ಟ ಗುರಿ ಈಡೇರಲಿಲ್ಲ. ಆದರೂ ಪುಸ್ತಕ ಮುಚ್ಚಿದವರು ಯಾರೂ ಸೋತವರ ಕಥೆ ಓದಿದೆವು ಎಂದುಕೊಳ್ಳುವುದಿಲ್ಲ. ಯಾಕೆ?

ವಿಸ್ಮಯ, ಪ್ರಕೃತಿಯ ನಿಗೂಢ ಎಂಬುದು ಸಾಮಾನ್ಯವಾಗಿ ಸಿಗುವ ಉತ್ತರ. ಅದು ನಿಜವೇ, ಆದರೆ ಸಾಲದು. ಕಾದಂಬರಿಯ ಕಟ್ಟಡವನ್ನೇ ನೋಡಿ. ಓತಿಯ ಹುಡುಕಾಟ ಅದರಲ್ಲಿ ತುಂಬುವುದು ಸ್ವಲ್ಪ ಜಾಗ ಮಾತ್ರ. ಉಳಿದದ್ದೆಲ್ಲ ಜೇನು, ಬೇಸಾಯದ ತಲೆನೋವು, ಮಂದಣ್ಣನ ಮದುವೆ, ಅವನ ಮೇಲಿನ ಕೋರ್ಟು ಕೇಸು, ಅಡಿಗೆ, ಜಗಳ. ಕರ್ವಾಲೊ ಇದನ್ನೆಲ್ಲ ಅಡ್ಡಿಯೆಂದು ತಳ್ಳಿ ಕಾಡಿಗೆ ಓಡುವುದಿಲ್ಲ. ಮಂದಣ್ಣನ ಕಷ್ಟಕ್ಕೆ ನಿಲ್ಲುತ್ತಾರೆ. ಅವನಿಲ್ಲದೆ ಓತಿಯಿಲ್ಲ ಎಂಬ ಸ್ವಾರ್ಥವೂ ಅದರಲ್ಲಿದೆ ಎನ್ನಿ. ಆದರೆ ಗುರಿ ಒಂದೇ ಇದ್ದರೂ ಬದುಕು ಒಂದೇ ಎಳೆಯದಾಗಿಲ್ಲ. ನಾಗಪ್ಪನಿಗೆ ನೌಕರಿ ಹೋದರೆ ಕೂತುಕೊಳ್ಳುವುದಕ್ಕೆ ಬೇರೆ ಜಗಲಿಯಿಲ್ಲ. ಕರ್ವಾಲೊ ಓತಿಯನ್ನು ಕಳೆದುಕೊಂಡರೂ ಹಿಂದಿರುಗಿ ಬರುವ ಜಗತ್ತು ತುಂಬಿಕೊಂಡಿದೆ. ಹಟ ಹಿಡಿಯಲು ಬೇಕಾದ ಬಲ ಹಟದ ಹೊರಗಿನಿಂದ ಬರುತ್ತದೆ ಎಂಬುದನ್ನು ತೇಜಸ್ವಿ ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಅಧ್ಯಾಯಗಳನ್ನು ಜೋಡಿಸಿರುವ ರೀತಿಯಲ್ಲೇ ಹೇಳಿದ್ದಾರೆ.

ಇನ್ನೊಂದು ವ್ಯತ್ಯಾಸ ನಗುವಿನದು. 'ಶಿಕಾರಿ'ಯಲ್ಲಿ ನಗು ಬಂದರೆ ಅದು ಇರಿಯುತ್ತದೆ, ಯಾರದೋ ನಗು ಸಂಚಿನ ಗುರುತಾಗುತ್ತದೆ. 'ಕರ್ವಾಲೊ'ದಲ್ಲಿ ನಗು ಹೊರೆ ಇಳಿಸುತ್ತದೆ. ಕರಿಯಪ್ಪನ ಬಿರಿಯಾನಿ ಹುಚ್ಚು ಕಥೆಗೆ ಅಂಟಿಸಿದ ಹಾಸ್ಯವಲ್ಲ. ದೊಡ್ಡ ಗುರಿ ಹಿಡಿದು ಹೊರಟವರು ಒಬ್ಬರನ್ನೊಬ್ಬರು ಸಹಿಸಿಕೊಂಡದ್ದು ಹೇಗೆ ಎಂಬುದಕ್ಕೆ ವಿವರಣೆ ಅದು.

ಮನಶ್ಶಾಸ್ತ್ರ ಇದೇ ಮಾತನ್ನು ಬೇರೆ ದಾರಿಯಿಂದ ಮುಟ್ಟಿದೆ. 1985ರಲ್ಲಿ ಹಾಲ್ ಆರ್ಕ್ಸ್ ಮತ್ತು ಕ್ಯಾಥರಿನ್ ಬ್ಲೂಮರ್ ಎಂಬ ಸಂಶೋಧಕರು ಅಮೆರಿಕದಲ್ಲಿ ನಾಟಕದ ಸೀಸನ್ ಟಿಕೆಟ್ ಕೊಂಡವರನ್ನಿಟ್ಟುಕೊಂಡು ಮಾಡಿದ ಅಧ್ಯಯನವೊಂದನ್ನು ಪ್ರಕಟಿಸಿದರು. ಕೆಲವರಿಗೆ ಪೂರ್ತಿ ಬೆಲೆ, ಕೆಲವರಿಗೆ ರಿಯಾಯಿತಿ. ಯಾರಿಗೆ ಯಾವುದು ಎಂಬುದು ಅವರ ಆಯ್ಕೆಯಲ್ಲ. ಸೀಸನ್ನಿನ ಮೊದಲರ್ಧದಲ್ಲಿ ಪೂರ್ತಿ ಬೆಲೆ ಕೊಟ್ಟವರೇ ಹೆಚ್ಚು ನಾಟಕಗಳಿಗೆ ಹೋದರು. ನಾಟಕ ಎಲ್ಲರಿಗೂ ಅದೇ. ಬೇರೆಯಾಗಿದ್ದದ್ದು ಆಗಲೇ ಕೊಟ್ಟುಬಿಟ್ಟ ದುಡ್ಡು. ನಾವು ಹಟ ಎಂದು ಹೆಮ್ಮೆಪಡುವುದರಲ್ಲಿ ಎಷ್ಟು ಪಾಲು ಈ ಟಿಕೆಟ್ ಲೆಕ್ಕ ಎಂದು ಕೇಳಿಕೊಳ್ಳಬೇಕಾದ ಜಾಗ ಇದು. ಎರಡು ವರ್ಷ ಹಾಕಿದ್ದೇವೆ, ಈಗ ಬಿಡುವುದು ಹೇಗೆ ಎಂಬ ಮಾತು ಮುಂದಿನ ಎರಡು ವರ್ಷದ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕರ್ವಾಲೊ ಹುಡುಕಾಟದಲ್ಲಿ ಈ ಟಿಕೆಟ್ ಲೆಕ್ಕ ಇಲ್ಲ. ಅವರು ಮುಂದುವರಿಯುವುದು ಇಷ್ಟು ದೂರ ಬಂದೆವು ಎಂದಲ್ಲ, ಮುಂದೆ ತಿಳಿಯುವುದು ಇನ್ನೂ ಇದೆ ಎಂದು. ಹಾಗಾದರೆ ಪರೀಕ್ಷೆ ಇದು: ನನ್ನನ್ನು ಮುಂದಕ್ಕೆ ಎಳೆಯುತ್ತಿರುವುದು ಎದುರಿಗಿರುವ ಓತಿಯೋ, ಹಿಂದೆ ಸುರಿದ ದುಡ್ಡೋ? ದಿನ ಕಳೆದಂತೆ ಹೊಸತೇನಾದರೂ ತಿಳಿಯುತ್ತಿದ್ದರೆ, ಪ್ರಶ್ನೆಯೇ ತುಸು ತಿಳಿಯಾಗುತ್ತಿದ್ದರೆ, ಹಿಡಿದದ್ದನ್ನು ಬಿಡಬೇಕಾಗಿಲ್ಲ, ಎಷ್ಟೇ ದಣಿವಿರಲಿ. ದಿನವೂ ಅದೇ ಭಯವನ್ನು ಅದೇ ಮಾತಿನಲ್ಲಿ ಮಗುಚಿ ಹಾಕುತ್ತಿದ್ದರೆ, ಎಷ್ಟೇ ಸಂಬಳವಿದ್ದರೂ ಅದು 'ಶಿಕಾರಿ'ಯ ಕೋಣೆ.

ಇಲ್ಲಿ 'ಕರ್ವಾಲೊ'ದ ಮೇಲೂ ಒಂದು ತಕರಾರು ಹೂಡಲೇಬೇಕು. ಇಷ್ಟು ಹಗುರವಾದ ಹಟ ಸಾಧ್ಯವಾದದ್ದು ಯಾರಿಗೆ? ಕರ್ವಾಲೊ ನೌಕರಿಯಿರುವ ವಿಜ್ಞಾನಿ. ನಿರೂಪಕನಿಗೆ, ಬೇಸರವಾಗಿದ್ದರೂ, ಸ್ವಂತ ಜಮೀನಿದೆ. ಮಂದಣ್ಣನಿಗೆ ಎರಡೂ ಇಲ್ಲ. ಕೇಸಿನಲ್ಲಿ ಸಿಕ್ಕಿಬೀಳುವವನು ಅವನೇ. ಓತಿ ತೇಲಿಹೋದಾಗ ದಾರ್ಶನಿಕನಾಗುವ ಅವಕಾಶ ಕರ್ವಾಲೊಗೆ ಇದೆ. ಮಂದಣ್ಣ ಮರುದಿನದ ಕೂಲಿಯನ್ನೂ ಯೋಚಿಸಬೇಕು. ಹೆಂಗಸರಂತೂ ಈ ಬೇಟೆಯಲ್ಲಿಲ್ಲ. ಗಂಡಸರು ಕಾಡು ಸೇರಿದಾಗ ಮನೆಯ ಒಲೆ ಯಾರು ಹಚ್ಚಿದರು ಎಂದು ಪುಸ್ತಕ ಕೇಳುವುದಿಲ್ಲ. ತೇಜಸ್ವಿಯವರ ಪ್ರೀತಿ ಮಂದಣ್ಣನ ಮೇಲೆ ಇದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಪ್ರೀತಿ ಇದ್ದ ಕಡೆ ಲೆಕ್ಕವೂ ಇರಬೇಕಿತ್ತು.

ಈ ತಕರಾರು ನಮ್ಮ ಪ್ರಶ್ನೆಯನ್ನು ಇನ್ನಷ್ಟು ಚೂಪು ಮಾಡುತ್ತದೆ. ನನ್ನ ಹಟದ ಬೆಲೆ ಕೊಡುತ್ತಿರುವವರು ಯಾರು? ನಾನು ಬಿಡಲಾರೆ ಎಂದು ಸಾಧಿಸುತ್ತಿರುವುದಕ್ಕೆ ತಂಡದ ಕಿರಿಯ ಹುಡುಗಿ ಶನಿವಾರ ಭಾನುವಾರ ತೆರುತ್ತಿದ್ದಾಳೆಯೇ? ಮನೆಯಲ್ಲಿ ಇನ್ನೊಬ್ಬರು ತಮ್ಮ ಕೆಲಸ ಬಿಟ್ಟು ಇದಕ್ಕೆ ಹೆಗಲು ಕೊಟ್ಟಿದ್ದಾರೆಯೇ? ಮುಂದುವರಿಯುವುದು ಧೈರ್ಯ ಎಂದು ಹೇಳುವ ಮೊದಲು ಅದು ಯಾರ ಧೈರ್ಯ ಎಂದು ಕೇಳುವುದು ಮರ್ಯಾದೆ. ಹಾಗೆಯೇ, ಕಷ್ಟ ಬಂದರೆ ಬಿಟ್ಟುಬಿಡು ಎಂಬ ಉಪದೇಶವೂ ಉಳಿತಾಯವಿದ್ದವರ ಉಪದೇಶ. ಸಾಲ ತೀರಿಸಬೇಕಾದವನಿಗೆ, ಊರಿಗೆ ತಿಂಗಳು ತಿಂಗಳು ದುಡ್ಡು ಕಳಿಸಬೇಕಾದವಳಿಗೆ, ಬಿಡುವುದು ಸ್ವಾತಂತ್ರ್ಯವಲ್ಲ, ಇನ್ನೊಂದು ಭಯ. ಅಂಥವರಿಗೆ 'ಶಿಕಾರಿ' ಹೆಚ್ಚು ಪ್ರಾಮಾಣಿಕ ಪುಸ್ತಕ. ಅದು ಯಾವ ಸುಲಭದ ಕಾಡನ್ನೂ ತೋರಿಸುವುದಿಲ್ಲ. ನಿನ್ನ ಭಯದಲ್ಲಿ ನಿಜ ಎಷ್ಟು, ನೀನೇ ಕಟ್ಟಿದ್ದು ಎಷ್ಟು ಎಂದು ಬೇರೆ ಮಾಡಿ ನೋಡು ಎನ್ನುತ್ತದೆ. ನೌಕರಿ ಬಿಡಲಾಗದವರು ಕೂಡ ಇಷ್ಟನ್ನು ಮಾಡಬಹುದು. ಅನುಮಾನವನ್ನು ಒಬ್ಬರ ಮುಂದೆ ಬಾಯಿಬಿಟ್ಟು ಹೇಳಬಹುದು, ನೇರವಾಗಿ ಕೇಳಬಹುದು. ಕೇಳಿದಾಗ ಬರುವ ಕೆಟ್ಟ ಉತ್ತರ ಎಷ್ಟೋ ಸಲ ಕೇಳದೆ ಕಟ್ಟಿಕೊಂಡ ಉತ್ತರಕ್ಕಿಂತ ಹಗುರ.

ತೇಜಸ್ವಿಯವರ ಓತಿ ಲಕ್ಷಾಂತರ ವರ್ಷಗಳ ಹಿಂದಿನ ಲೋಕದಿಂದ ಉಳಿದು ಬಂದ ಪ್ರಾಣಿಯಾಗಿ ಕಾದಂಬರಿಯಲ್ಲಿ ಬರುತ್ತದೆ. ಪಶ್ಚಿಮ ಘಟ್ಟದಲ್ಲಿ ಹಾರುವ ಓತಿ ಇಂದಿಗೂ ಇದೆ. ಅಡಿಕೆ ತೋಟಗಳಲ್ಲೂ ಕಾಣಸಿಗುತ್ತದೆ. ಅದಕ್ಕೆ ಹಕ್ಕಿಯ ಹಾಗೆ ರೆಕ್ಕೆ ಬಡಿಯಲು ಬರುವುದಿಲ್ಲ. ಉದ್ದ ಬೆಳೆದ ಪಕ್ಕೆಲುಬುಗಳ ಮೇಲಿನ ಚರ್ಮವನ್ನು ಬಿಚ್ಚಿ, ಎತ್ತರದಿಂದ ತೇಲಿ ಮುಂದಿನ ಮರ ಸೇರುತ್ತದೆ, ಅಲ್ಲಿಂದ ಮತ್ತೆ ಕಾಂಡ ಹಿಡಿದು ಹತ್ತುತ್ತದೆ. ಹತ್ತುವಾಗ ಬಿಗಿಯಾಗಿ ಹಿಡಿಯಲೇಬೇಕು, ದಾಟುವಾಗ ಬಿಡಲೇಬೇಕು. ಸಾಮ್ಯ ಹುಡುಕುವುದು ವಿಮರ್ಶಕರ ಚಟ, ಇದನ್ನು ಬಹಳ ಎಳೆಯುವುದು ಬೇಡ. ಆದರೆ ಕಾದಂಬರಿಯ ಕೊನೆಯಲ್ಲಿ ಗೆದ್ದದ್ದು ಯಾರು ಎಂದು ಕೇಳಿದರೆ, ಬಿಡುವುದು ಗೊತ್ತಿದ್ದ ಆ ಪ್ರಾಣಿ ಎಂದೇ ಹೇಳಬೇಕು.

ಎರಡು ಪುಸ್ತಕಗಳನ್ನೂ ಓದಿರದ ಕಿರಿಯರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಅವರಿಗೊಂದು ಸಲಹೆ: ಮೊದಲು 'ಶಿಕಾರಿ' ಓದಿ, ಆಮೇಲೆ 'ಕರ್ವಾಲೊ'. ಕ್ರಮ ತಿರುವುಮುರುವು ಮಾಡಿದರೆ ಕಾಡು ಬರೀ ಮಜವಾಗಿ ಕಾಣುತ್ತದೆ. ನಾಗಪ್ಪನ ಜೊತೆ ನಾಲ್ಕು ರಾತ್ರಿ ನಿದ್ದೆಗೆಟ್ಟವರಿಗೆ ಮಾತ್ರ, ಮಂದಣ್ಣ ಜೇನಿನ ವಿಚಾರ ಮಾತಾಡುವ ಪುಟಗಳಲ್ಲಿ ಎಷ್ಟು ಗಾಳಿಯಿದೆ ಎಂದು ಗೊತ್ತಾಗುತ್ತದೆ.