ಲೇಸರ್ ಕೆತ್ತನೆ ಯಂತ್ರದ ನಿಜವಾದ ವಾಟ್

ಲೇಸರ್ ಕೆತ್ತನೆ ಯಂತ್ರದ ವಾಟ್ ಎಂದರೆ ಅದರ ಕಿರಣ ಪ್ರತಿ ಸೆಕೆಂಡಿಗೆ ಹೊತ್ತು ತರುವ ಶಕ್ತಿ. ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿ ಎಷ್ಟೋ ಸಲ ಇದಕ್ಕೆ ತಾಳೆಯಾಗುವುದಿಲ್ಲ. ನೀಲಿ ಕಿರಣದ ಅಗ್ಗದ ಡಯೋಡ್ ಯಂತ್ರಗಳನ್ನು ‘40 ವಾಟ್’ ಎಂದು ಮಾರಿದ್ದುಂಟು. ಅದು ಯಂತ್ರ ಎಳೆಯುವ ವಿದ್ಯುತ್ತಿನ ಲೆಕ್ಕ, ಹೊರಬರುವ ಬೆಳಕು ಸುಮಾರು 5 ವಾಟ್ ಮಾತ್ರ. ಇದು ಕೊಳ್ಳುವವರಿಗೆ ಮಾಡುವ ಅನ್ಯಾಯವೇ ಸರಿ.

ದೊಡ್ಡಬಳ್ಳಾಪುರದ ಅಪರೆಲ್ ಪಾರ್ಕ್, ನೆಲಮಂಗಲದ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶಗಳಿರುವ ಬೆಂಗಳೂರು ಗ್ರಾಮಾಂತರದಂಥ ಜಿಲ್ಲೆಯಲ್ಲಿ ಬಟ್ಟೆ, ಅಕ್ರಿಲಿಕ್ ನಾಮಫಲಕ, ಎಂಡಿಎಫ್ ಹಲಗೆಯ ಕೆಲಸಕ್ಕೆ ಒಗ್ಗುವುದು ಕಾರ್ಬನ್ ಡೈಆಕ್ಸೈಡ್ ಲೇಸರ್. ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ 1964ರಲ್ಲಿ ರೂಪಿಸಿದ ಈ ಲೇಸರ್‌ನ ತರಂಗಾಂತರ 10.6 ಮೈಕ್ರೊಮೀಟರ್. ಕಣ್ಣಿಗೆ ಕಾಣದ ಈ ಅವಗೆಂಪು ಕಿರಣಕ್ಕೆ ಸಿಲಿಕಾನ್ ಸಂವೇದಕವುಳ್ಳ ಮೀಟರ್ ಸ್ಪಂದಿಸುವುದೇ ಇಲ್ಲ. ಆದ್ದರಿಂದ ಕಿರಣವನ್ನು ಶಾಖವಾಗಿಸಿಯೇ ಅಳೆಯಬೇಕು.

ಆದರೆ ಕೆಲಸಗಾರರು ಹೆಚ್ಚಾಗಿ ನೆಚ್ಚುವುದು ಕತ್ತರಿಸಿ ನೋಡುವ ಪರೀಕ್ಷೆಯನ್ನು. 3 ಮಿಲಿಮೀಟರ್ ಅಕ್ರಿಲಿಕ್ ಯಾವ ವೇಗದಲ್ಲಿ ತುಂಡಾಗುತ್ತದೆ ಎಂಬುದರಿಂದ ಲೇಸರ್ ಕಿರಣ ಹುಟ್ಟುವ ಟ್ಯೂಬಿನ ಬಲವನ್ನು ಅಂದಾಜಿಸುತ್ತಾರೆ. ಅಂದಿನ ಕೆಲಸ ಹೊಂದಿಸಿಕೊಳ್ಳಲು ಅದು ಸಾಕು. ಅಳತೆಯಾಗಿ ಅದು ದುರ್ಬಲ. ಲೆನ್ಸ್ ಮೇಲಿನ ಹೊಗೆ, ತಪ್ಪಿದ ಫೋಕಸ್, ಓರೆಯಾದ ಕನ್ನಡಿ, ಬೇರೆ ಕಂಪನಿಯ ಹಾಳೆ, ಇವೆಲ್ಲ ಆ ಒಂದೇ ಫಲಿತಾಂಶದಲ್ಲಿ ಬೆರೆತುಹೋಗುತ್ತವೆ. ಲೆನ್ಸ್ ಒರೆಸಿದರೆ ಸರಿಹೋಗುವ ತೊಂದರೆಗೆ ಟ್ಯೂಬನ್ನೇ ಬದಲಾಯಿಸುವಂತಾಗುವುದು ಹೀಗೆ. ಯಂತ್ರದ ಮಿಲಿಆಂಪಿಯರ್ ಮೀಟರಿನ ಮುಳ್ಳು ತೋರಿಸುವುದೂ ಟ್ಯೂಬಿನೊಳಗೆ ಹರಿಯುವ ವಿದ್ಯುತ್ತನ್ನೇ ಹೊರತು ಬೆಳಕನ್ನಲ್ಲ. ಹಳೆಯ ಟ್ಯೂಬು ಅದೇ ಕರೆಂಟಿಗೆ ಕಡಿಮೆ ಬೆಳಕು ಕೊಡುತ್ತದೆ. ಕೊರತೆ ತುಂಬಲು ಕರೆಂಟ್ ಏರಿಸಿದರೆ ಅದರ ಆಯುಸ್ಸು ಇನ್ನೂ ಬೇಗ ಕರಗುತ್ತದೆ.

ಪ್ರಯೋಗಾಲಯಕ್ಕೆ ಕಿರಣದ ಶಾಖವನ್ನು ವಿದ್ಯುತ್ ಸಂಕೇತವಾಗಿಸಿ ಅಳೆಯುವ ಥರ್ಮೋಪೈಲ್ ಮೀಟರ್ ಒಳ್ಳೆಯ ಉಪಕರಣ. ಸಣ್ಣ ಅಂಗಡಿಗೆ ಮಾತ್ರ ಕಪ್ಪು ಮೈಯ ಅಲ್ಯೂಮಿನಿಯಂ ಗಟ್ಟಿ ಮತ್ತು ಥರ್ಮಾಮೀಟರ್ ಸೇರಿದ ಸಾಧನವೇ ಮೇಲು. ಅದರ ಲೆಕ್ಕ ಬಚ್ಚಿಟ್ಟದ್ದಲ್ಲ. ಒಂದು ಗ್ರಾಂ ಅಲ್ಯೂಮಿನಿಯಂ ಒಂದು ಡಿಗ್ರಿ ಬಿಸಿಯಾಗಲು ಸುಮಾರು 0.9 ಜೂಲ್ ಬೇಕು. 150 ಗ್ರಾಂ ಗಟ್ಟಿಯ ಮೇಲೆ ಕಿರಣ 30 ಸೆಕೆಂಡು ಬಿದ್ದು ಉಷ್ಣತೆ 12 ಡಿಗ್ರಿ ಏರಿದರೆ ಅದು ಹೀರಿದ್ದು 1,620 ಜೂಲ್, ಅಂದರೆ 54 ವಾಟ್. ಥರ್ಮಾಮೀಟರ್ ಅರ್ಧ ಡಿಗ್ರಿ ತಪ್ಪಿದರೆ ಉತ್ತರ ಎರಡು ವಾಟಿಗಿಂತ ಸ್ವಲ್ಪ ಹೆಚ್ಚು ಆಚೀಚೆಯಾಗುತ್ತದೆ. ದೊಡ್ಡ ದೋಷ ಹುಟ್ಟುವುದು ಮೇಲ್ಮೈಯಲ್ಲಿ: ಬರಿಯ ಹೊಳಪಿನ ಅಲ್ಯೂಮಿನಿಯಂ ಈ ಕಿರಣದ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಕಪ್ಪು ಮೈಯೂ ಶೇ. 90ರಷ್ಟನ್ನೇ ಹೀರುವುದಾದರೆ ಮೇಲಿನ 54 ವಾಟ್ ನಿಜದಲ್ಲಿ 60 ವಾಟ್. ಆದರೂ ಅದೇ ಗಟ್ಟಿಯಿಂದ, ಅದೇ ಕ್ರಮದಲ್ಲಿ ತಿಂಗಳು ತಿಂಗಳು ಅಳೆದು ಬರೆದಿಟ್ಟರೆ ಈ ದೋಷ ಎಲ್ಲ ಅಂಕಿಗಳಲ್ಲೂ ಸಮನಾಗಿರುತ್ತದೆ, ಟ್ಯೂಬು ಬಡವಾಗುತ್ತಿರುವುದು ನಿಚ್ಚಳವಾಗಿ ಕಾಣುತ್ತದೆ. ಅಂಗಡಿಗೆ ಬೇಕಾದದ್ದು ಈ ಹೋಲಿಕೆಯೇ.

ಎಲ್ಲಿ ಅಳೆಯಬೇಕು ಎಂಬುದೂ ಮುಖ್ಯ. ಟ್ಯೂಬಿನ ಬಾಯಲ್ಲಿ ಒಮ್ಮೆ, ಕೊನೆಯ ಕನ್ನಡಿ ದಾಟಿದ ಮೇಲೆ ಒಮ್ಮೆ ಅಳೆದರೆ ನಡುವಿನ ನಷ್ಟ ತಿಳಿಯುತ್ತದೆ. ವ್ಯತ್ಯಾಸ ದೊಡ್ಡದಿದ್ದರೆ ತಪ್ಪು ಕನ್ನಡಿಗಳದು. ಲೆನ್ಸ್ ಕೂಡಿಸಿದ ಬಿಂದುವಿನಲ್ಲಿ ಅಳೆಯಬಾರದು, ಕಪ್ಪು ಲೇಪ ಸುಟ್ಟುಹೋಗುತ್ತದೆ. ನೀರು ಬಿಸಿಯಾದರೆ ಬೆಳಕು ಕುಗ್ಗುವುದರಿಂದ ಪ್ರತಿ ಸಲವೂ ಟ್ಯೂಬನ್ನು ತಂಪಾಗಿಡುವ ನೀರಿನ ಉಷ್ಣತೆಯನ್ನೂ ಬರೆದುಕೊಳ್ಳಬೇಕು. ನೀರು ತಂಪಾಗಿಸುವ ಚಿಲ್ಲರ್ ಇಲ್ಲದೆ ಬಕೆಟ್ ನೀರನ್ನೇ ತಿರುಗಿಸುವ ಕಡೆ ಏಪ್ರಿಲ್ ಮಧ್ಯಾಹ್ನದ ಅಳತೆ ಡಿಸೆಂಬರ್ ಬೆಳಗಿನದಕ್ಕಿಂತ ಕೆಳಗಿಳಿಯುತ್ತದೆ; ಇದರಿಂದ ಟ್ಯೂಬು ಸತ್ತಿತೆಂದು ತೀರ್ಮಾನಿಸುವಂತಿಲ್ಲ. ಗಡಸು ಬೋರ್‌ವೆಲ್ ನೀರು ಟ್ಯೂಬಿನಲ್ಲಿ ನೀರು ಹರಿಯುವ ಗೋಡೆಗೆ ಸುಣ್ಣದ ಪದರ ಕಟ್ಟಿಸುವುದರಿಂದ ಡಿಸ್ಟಿಲ್ಡ್ ವಾಟರ್ ಬೇಕು.

ಅಳೆಯುವಾಗ ಯಂತ್ರದ ಮುಚ್ಚಳ ತೆರೆದಿರುತ್ತದೆ, ಸುರಕ್ಷಾ ಸ್ವಿಚ್ಚನ್ನು ತಪ್ಪಿಸಿರುತ್ತಾರೆ. ಈ ವಿಧಾನದ ನಿಜವಾದ ಕೊರತೆ ಇದೇ. ಅರ್ಧ ವಾಟ್ ಮೀರಿದ ಲೇಸರ್ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಅತ್ಯಂತ ಅಪಾಯಕಾರಿಯಾದ 4ನೇ ವರ್ಗಕ್ಕೆ ಸೇರುತ್ತದೆ. ಹಾಗಾಗಿ 10.6 ಮೈಕ್ರೊಮೀಟರ್‌ಗೆಂದೇ ತಯಾರಾದ ಕನ್ನಡಕ ಧರಿಸಿ, ಗಟ್ಟಿಯನ್ನು ಕೈಯಲ್ಲಿ ಹಿಡಿಯದೆ ಸ್ಟ್ಯಾಂಡಿಗೆ ಬಿಗಿದ ಮೇಲಷ್ಟೇ ಕಿರಣ ಹಾಯಿಸಬೇಕು.