ಬಿಸಿಲುನಾಡಿನ ಟರ್ಬೊ: ಗಟ್ಟಿ ಕಾವಲಿಗೆ ಬಾಯಿಲ್ಲ

ಬೇಸಿಗೆಯಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದ ಗ್ಯಾರೇಜುಗಳಲ್ಲಿ ಕೇಳಿಬರುವ ಮಾತೊಂದಿದೆ: ‘ಬೆಳಿಗ್ಗೆ ಚೆನ್ನಾಗಿ ಓಡ್ತೈತಿ, ಮಧ್ಯಾಹ್ನ ಎಳಿಯಂಗಿಲ್ಲ.’ ಹೀಗೆ ದೂರುವವರ ಬಳಿ ಇರುವುದು ಹೆಚ್ಚಾಗಿ ಹೊಸ ಕಾಲದ ಸಣ್ಣ ಟರ್ಬೊ ಪೆಟ್ರೋಲ್ ಕಾರು. ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ ನೋಡಿದರೆ ಯಾವ ದೋಷವೂ ಕಾಣದು. ಆಮೇಲೆ ಔಷಧೋಪಚಾರ ಶುರು. ಒಬ್ಬರು ದುಬಾರಿ ಪೆಟ್ರೋಲ್ ಹಾಕಿಸು ಎನ್ನುತ್ತಾರೆ, ಇನ್ನೊಬ್ಬರು ಆಕ್ಟೇನ್ ಬೂಸ್ಟರ್ ಬಾಟಲಿ ಎತ್ತಿ ತೋರಿಸುತ್ತಾರೆ, ಮತ್ತೊಬ್ಬರು ಬೆಂಗಳೂರಿಗೆ ಒಯ್ದು ರೀಮ್ಯಾಪ್ ಮಾಡಿಸು ಎನ್ನುತ್ತಾರೆ. ಬಿಸಿಲಿನಲ್ಲಿ ಎಂಜಿನ್ನನ್ನು ನಾಕ್‌ನಿಂದ ಕಾಯುವ ಈ ಉಪಾಯಗಳಲ್ಲಿ ಹುರುಳಿರುವುದು ಯಾವುದರಲ್ಲಿ, ಬರೀ ವ್ಯಾಪಾರ ಯಾವುದು ಎಂದು ತೂಗಿ ನೋಡುವುದು ಈ ಬರಹದ ಉದ್ದೇಶ. ತೀರ್ಪನ್ನು ಮೊದಲೇ ಹೇಳಿಬಿಡಬಹುದು: ತಯಾರಕರು ಕಾರಿನೊಳಗೇ ಇಟ್ಟಿರುವ ಕಾವಲು ಗಟ್ಟಿಯಾಗಿದೆ, ಆದರೆ ಅದು ಮೂಕ. ಆ ಮೂಕತನವನ್ನು ಎಂಜಿನ್ನಿನ ಸೋಮಾರಿತನವೆಂದು ತಿಳಿದು ನಾವು ಓಡಿಸುವ ರೀತಿಯೇ ಬಿಸಿಲಿಗಿಂತ ದೊಡ್ಡ ಅಪಾಯ.

ನಾಕ್ ಆಗುವುದು ಹೀಗೆ. ಸ್ಪಾರ್ಕ್ ಪ್ಲಗ್ ಹೊತ್ತಿಸಿದ ಜ್ವಾಲೆ ಸಿಲಿಂಡರಿನ ತುಂಬ ಹರಡಲು ಒಂದಿಷ್ಟು ಹೊತ್ತು ಬೇಕು. ಅಷ್ಟರಲ್ಲಿ ಮೂಲೆಯಲ್ಲಿ ಉಳಿದ ಪೆಟ್ರೋಲ್-ಗಾಳಿಯ ಮಿಶ್ರಣ ಒತ್ತಡವನ್ನೂ ಕಾವನ್ನೂ ತಾಳಲಾರದೆ ತಾನೇ ಒಮ್ಮೆಲೇ ಸಿಡಿಯುತ್ತದೆ. ಆ ಸಿಡಿತಕ್ಕೆ ಸಿಲಿಂಡರಿನೊಳಗಿನ ಅನಿಲ ಸೆಕೆಂಡಿಗೆ ಆರೇಳು ಸಾವಿರ ಸಲ ಕಂಪಿಸುತ್ತದೆ, ಹೊರಗೆ ನಮಗೆ ಕಟಕಟ ಕೇಳುತ್ತದೆ. ಎಲ್ಲೋ ಒಮ್ಮೆ ಮೆಲ್ಲಗೆ ಆದರೆ ಹಾನಿಯಿಲ್ಲ. ಬಿಡದೆ ಬಡಿದರೆ ಪಿಸ್ಟನ್ನಿನ ತಲೆ ತಿನ್ನಿಸಿಕೊಳ್ಳುತ್ತದೆ, ರಿಂಗುಗಳ ನಡುವಿನ ಅಂಚು ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ನಮ್ಮ ಬಯಲಿನ ಬಿಸಿಲು ಇದಕ್ಕೆ ಎಷ್ಟು ತುಪ್ಪ ಸುರಿಯುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬಹುದು. ಟರ್ಬೊ ಗಾಳಿಯ ಒತ್ತಡವನ್ನು 1.8 ಪಟ್ಟು ಮಾಡುತ್ತದೆ, ಅದರ ಕಂಪ್ರೆಸರ್ ಶೇ 70ರಷ್ಟು ದಕ್ಷ ಎಂದಿಟ್ಟುಕೊಳ್ಳೋಣ. ಹೊರಗೆ 25 ಡಿಗ್ರಿ ಇದ್ದರೆ ಒತ್ತಿದ ಗಾಳಿ ಸುಮಾರು 103 ಡಿಗ್ರಿಗೆ ಏರುತ್ತದೆ. 42 ಡಿಗ್ರಿ ಇದ್ದರೆ ಸುಮಾರು 124ಕ್ಕೆ. ಹೀಗೆ ಏರಿದ ಕಾವಿನಲ್ಲಿ ಶೇ 70ನ್ನು, ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇಳಿಸಿತು ಎನ್ನಿ. ಎಂಜಿನ್ ಉಸಿರಾಡುವ ಗಾಳಿ ತಂಪು ಹೊತ್ತಿನಲ್ಲಿ 48 ಡಿಗ್ರಿ, ಬಿಸಿಲಿನಲ್ಲಿ 67 ಡಿಗ್ರಿ. ಇಲ್ಲಿ ಕಾಣುವ 19 ಡಿಗ್ರಿಗಳ ಅಂತರ ಸಿಲಿಂಡರಿನೊಳಗೆ ಹತ್ತು ಪಟ್ಟು ಅದುಮಿದಾಗ ಸುಮಾರು 40 ಡಿಗ್ರಿಗೆ ಬೆಳೆಯುತ್ತದೆ. ಇನ್ನೊಂದು ಸಂಗತಿ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಈ ಐದೂ ಊರುಗಳು ಸಮುದ್ರಮಟ್ಟದಿಂದ ಸುಮಾರು 500ರಿಂದ 650 ಮೀಟರ್ ಎತ್ತರದಲ್ಲಿವೆ. ಗಾಳಿಯ ಒತ್ತಡ ಕರಾವಳಿಗಿಂತ ಶೇ 6-7ರಷ್ಟು ಕಡಿಮೆ. ಟರ್ಬೊ ಇಲ್ಲದ ಎಂಜಿನ್ನಿಗೆ ನಾಕ್ ವಿಷಯದಲ್ಲಿ ಇದು ಅನುಕೂಲವೇ. ಟರ್ಬೊ ಮಾತ್ರ ಆ ಕೊರತೆ ತುಂಬಲು ಇನ್ನೂ ಜೋರಾಗಿ ತಿರುಗಿ ಗಾಳಿಯನ್ನು ಇನ್ನಷ್ಟು ಕಾಯಿಸುತ್ತದೆ.

ಇದಕ್ಕೆ ತಯಾರಕರು ಕಂಡುಕೊಂಡ ಉತ್ತರಕ್ಕೆ ಅರವತ್ತು ವರ್ಷಗಳ ಚರಿತ್ರೆಯಿದೆ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೊ ಕಾರು ತಂದಾಗ, ನಾಕ್ ತಡೆಯಲು ನೀರು ಮತ್ತು ಮೆಥನಾಲ್ ಬೆರೆತ ದ್ರವವನ್ನು ಎಂಜಿನ್ನಿಗೆ ಉಣಿಸುವ ಏರ್ಪಾಡು ಮಾಡಿತ್ತು. ತಂತ್ರ ಸರಿಯಾಗಿತ್ತು. ದ್ರವ ಮುಗಿದಾಗ ತುಂಬಿಸುವ ಹೊಣೆ ಮಾಲೀಕರದು, ಎಷ್ಟೋ ಮಾಲೀಕರು ಮರೆತರು; ಕಾರು ಬೇಗನೆ ಮಾರುಕಟ್ಟೆಯಿಂದ ಮರೆಯಾಯಿತು. 1980ರ ದಶಕದ ಆರಂಭದಲ್ಲಿ ಸ್ವೀಡನ್ನಿನ ಸಾಬ್ ಕಂಪನಿ ಬೇರೆ ದಾರಿ ಹಿಡಿಯಿತು. ಎಂಜಿನ್ ಬ್ಲಾಕಿಗೆ ಸೆನ್ಸರ್ ಕೂರಿಸಿ, ನಾಕ್ ಕೇಳಿಸಿದೊಡನೆ ಟರ್ಬೊ ಒತ್ತಡ ತಾನಾಗಿ ತಗ್ಗುವಂತೆ ಮಾಡಿತು. ಮಾಲೀಕರ ನೆನಪನ್ನು ನೆಚ್ಚದ ಈ ದಾರಿಯೇ ಗೆದ್ದಿತು. ಇವತ್ತು ನಮ್ಮ ರಸ್ತೆಗಳ ನೆಕ್ಸಾನ್, ವೆನ್ಯೂ, ಫ್ರಾಂಕ್ಸ್, ಕುಶಾಕ್ ಎಲ್ಲವೂ ಅದೇ ವಂಶದವು. ಕಂಪ್ಯೂಟರ್ ನಾಕ್ ಸೆನ್ಸರಿನ ಮಾತು ಕೇಳಿ ಸ್ಪಾರ್ಕನ್ನು ಕೆಲವು ಡಿಗ್ರಿ ತಡಮಾಡುತ್ತದೆ; ಒಳಬರುವ ಗಾಳಿ ಕಾದಿದ್ದರೆ ನಾಕ್ ಆಗುವ ಮೊದಲೇ ಎಚ್ಚೆತ್ತು ಒತ್ತಡ ಇಳಿಸುತ್ತದೆ; ಬೇಕಾದರೆ ಪೆಟ್ರೋಲ್ ಹೆಚ್ಚು ಬಿಟ್ಟು ಒಳಗನ್ನು ತಂಪು ಮಾಡುತ್ತದೆ. ವೆನ್ಯೂ, ಕುಶಾಕ್‌ಗಳ ಒಂದು ಲೀಟರ್ ಟರ್ಬೊದಲ್ಲಿ ಪೆಟ್ರೋಲ್ ನೇರ ಸಿಲಿಂಡರಿಗೇ ಚಿಮ್ಮಿ ಅಲ್ಲೇ ಆವಿಯಾಗುವುದರಿಂದ ಆ ತಂಪೂ ಸೇರುತ್ತದೆ.

ಹಾಗಾದರೆ ‘ಮಧ್ಯಾಹ್ನ ಎಳಿಯಂಗಿಲ್ಲ’ ಎಂಬುದು ರೋಗವಲ್ಲ, ಕಾವಲು ಕೆಲಸ ಮಾಡುತ್ತಿದೆ ಎಂಬುದರ ಗುರುತು. ಸ್ಕ್ಯಾನರಿನಲ್ಲಿ ದೋಷ ಕಾಣದಿರುವುದೂ ಅದಕ್ಕೇ. ತಂತ್ರಜ್ಞಾನವಾಗಿ ಇದನ್ನು ಮೆಚ್ಚಲೇಬೇಕು. ಆದರೆ ಜೆಟ್‌ಫೈರಿನ ಸೋಲಿನಿಂದ ತಯಾರಕರು ಕಲಿತ ಪಾಠ ಅರ್ಧ ಮಾತ್ರ. ಓಡಿಸುವವನನ್ನು ನೆಚ್ಚಬಾರದು ಎಂಬುದನ್ನು ಕಲಿತರು. ಅವನಿಗೆ ಹೇಳಬೇಕು ಎಂಬುದನ್ನು ಬಿಟ್ಟರು. ಮನೆಯಲ್ಲಿ ಜೋಳ ತೀರಿದ್ದನ್ನು ಯಾರಿಗೂ ಹೇಳದೆ ತಾನು ಒಪ್ಪೊತ್ತು ಉಂಡು ಸಂಸಾರ ತೂಗಿಸುವ ಹಿರಿಯಳಂತೆ ಈ ಕಂಪ್ಯೂಟರ್ ಎಲ್ಲವನ್ನೂ ಒಳಗೇ ನುಂಗಿಕೊಳ್ಳುತ್ತದೆ. ಮನೆಮಂದಿ ಮಾತ್ರ ಇನ್ನೊಂದು ರೊಟ್ಟಿ ಕೇಳುತ್ತಲೇ ಇರುತ್ತಾರೆ.

ಆ ಇನ್ನೊಂದು ರೊಟ್ಟಿ ಕೇಳುವ ರೀತಿಯಲ್ಲೇ ಅಪಾಯವಿರುವುದು. ಈ ಭಾಗದ ಚಾಲಕರಲ್ಲಿ ಹಲವರು ಕೈ ಪಳಗಿಸಿಕೊಂಡದ್ದು ಡೀಸೆಲ್ ಗಾಡಿಗಳಲ್ಲಿ: ಬೊಲೆರೊ, ತವೇರಾ, ಸ್ವಿಫ್ಟ್ ಡೀಸೆಲ್. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಜಾರಿಯಾದಾಗ ಮಾರುತಿ ಡೀಸೆಲ್ ಕಾರುಗಳನ್ನೇ ಕೈಬಿಟ್ಟಿತು. 4 ಮೀಟರಿನೊಳಗಿನ, 1200 ಸಿಸಿ ಮೀರದ ಪೆಟ್ರೋಲ್ ಕಾರಿಗೆ ತೆರಿಗೆ ಕಡಿಮೆ ಎಂಬ ನಿಯಮ ಸಣ್ಣ ಟರ್ಬೊಗಳನ್ನು ಮೊದಲೇ ಬೆಳೆಸಿತ್ತು. ಕಾರು ಬದಲಾಯಿತು, ಕಾಲು ಬದಲಾಗಲಿಲ್ಲ. ಟಾಪ್ ಗೇರಿನಲ್ಲೇ ಬಿಟ್ಟು ಕಡಿಮೆ ಆರ್‌ಪಿಎಂನಲ್ಲಿ ಎಳೆಸುವುದು ಡೀಸೆಲ್ ಚಾಲಕನ ಜಾಣತನ. ಅಲ್ಲಿ ಸಿಲಿಂಡರಿನೊಳಗೆ ಅದುಮುವುದು ಬರೀ ಗಾಳಿಯನ್ನು, ಹೊತ್ತಿಗೆ ಮುಂಚೆ ಹೊತ್ತಿಕೊಳ್ಳಲು ಅಲ್ಲಿ ಇಂಧನವೇ ಇರುವುದಿಲ್ಲ. ಪೆಟ್ರೋಲ್ ಟರ್ಬೊದಲ್ಲಿ ಇದೇ ಜಾಣತನ ಎಂಜಿನ್ನಿಗೆ ಮುಳುವು. ಹೆದ್ದಾರಿ 50ರಲ್ಲಿ ಕೂಡ್ಲಿಗಿಯಿಂದ ಹೊಸಪೇಟೆಯ ಕಡೆಗೆ ಅದಿರು ಲಾರಿಯ ಹಿಂದೆ ತೆವಳುತ್ತಾ ಹೋಗಿ, ದಾರಿ ಸಿಕ್ಕೊಡನೆ ಐದನೇ ಗೇರಿನಲ್ಲೇ ಎಕ್ಸಲರೇಟರನ್ನು ನೆಲಕ್ಕೆ ಒತ್ತುವ ಕ್ಷಣವನ್ನು ನೆನೆದುಕೊಳ್ಳಿ. ಇಂಟರ್‌ಕೂಲರಿಗೆ ಲಾರಿಯ ಬಿಸಿಗಾಳಿ, ಆರ್‌ಪಿಎಂ 1500ರ ಆಸುಪಾಸು, ಟರ್ಬೊ ಒತ್ತಡ ತುತ್ತತುದಿಯಲ್ಲಿ. ಕಾರು ಎಳೆಯುವುದಿಲ್ಲ, ಕಾಲು ಇನ್ನೂ ಒತ್ತುತ್ತದೆ.

ಇಂಥ ಹೊತ್ತಿನಲ್ಲಿ ಆಗಬಹುದಾದದ್ದು ಬಿಸಿಲಿನ ಸಾಮಾನ್ಯ ನಾಕ್ ಅಲ್ಲ, ಅದಕ್ಕಿಂತ ಕ್ರೂರವಾದದ್ದು. ಪಿಸ್ಟನ್ ಸಂದಿಯಿಂದ ಹಾರಿದ ಎಣ್ಣೆ-ಪೆಟ್ರೋಲ್ ಹನಿಯೊಂದು ಸ್ಪಾರ್ಕಿಗೆ ಮುಂಚೆಯೇ ಹೊತ್ತಿಕೊಂಡು ಇಡೀ ಮಿಶ್ರಣವನ್ನು ಸಿಡಿಸುತ್ತದೆ. ಎಂಜಿನಿಯರುಗಳು ಇದನ್ನು ಸೂಪರ್ ನಾಕ್ ಎನ್ನುತ್ತಾರೆ. ಒಂದೆರಡು ಪೆಟ್ಟಿಗೇ ಪಿಸ್ಟನ್ ಅಂಚು ಮುರಿಯಬಹುದು. ಇದು ಹೊರಗಿನ ಶೆಕೆಯ ನೇರ ಫಲವಲ್ಲ. ಕಡಿಮೆ ವೇಗ, ಭಾರಿ ಹೊರೆ ಕೂಡಿದಾಗಿನ ಫಲ. ಸ್ಪಾರ್ಕನ್ನು ತಡಮಾಡಿ ಇದನ್ನು ತಡೆಯಲಾಗದು, ಏಕೆಂದರೆ ಬೆಂಕಿ ಹೊತ್ತಿಸಿದ್ದು ಸ್ಪಾರ್ಕ್ ಅಲ್ಲ. ಅಂದರೆ ಕಂಪ್ಯೂಟರ್ ಚೆನ್ನಾಗಿ ನಿಭಾಯಿಸುವ ಸಣ್ಣ ಅಪಾಯದಿಂದ, ಅದು ಅಷ್ಟಾಗಿ ನಿಭಾಯಿಸಲಾರದ ದೊಡ್ಡ ಅಪಾಯಕ್ಕೆ ಕಾರನ್ನು ನೂಕುವುದು ನಮ್ಮದೇ ಕಾಲು. ಪರಿಹಾರಕ್ಕೆ ಕಾಸು ಬೇಡ: ಎರಡು ಗೇರ್ ಇಳಿಸಿ, ಆರ್‌ಪಿಎಂ 2500ರ ಮೇಲೆ ತಂದು, ಆಮೇಲೆ ಒತ್ತಬೇಕು. ಆಟೊಮ್ಯಾಟಿಕ್ ಗಾಡಿಯಾದರೆ ಸ್ಪೋರ್ಟ್ ಮೋಡ್ ಅದೇ ಕೆಲಸ ಮಾಡುತ್ತದೆ. ಸದ್ದು ಜಾಸ್ತಿಯಾಗಿ ಎಂಜಿನ್ ಹಾಳಾದೀತು ಎಂಬ ಹೆದರಿಕೆ ಇಲ್ಲಿ ತಿರುವುಮುರುವಾಗಿದೆ.

ಎಣ್ಣೆಯ ವಿಷಯದಲ್ಲೂ ಡೀಸೆಲ್ ಅಭ್ಯಾಸವೇ ಮುಂದುವರಿದಿದೆ. ಬ್ಯಾರೆಲ್ಲಿನಿಂದ ಅಳೆದು ಸುರಿಯುವ 15ಡಬ್ಲ್ಯು-40 ಎಣ್ಣೆ ಟ್ರ್ಯಾಕ್ಟರಿಗೂ ಅದೇ, ಟರ್ಬೊ ಪೆಟ್ರೋಲಿಗೂ ಅದೇ ಎನ್ನುವ ಗ್ಯಾರೇಜುಗಳಿವೆ. ಡೀಸೆಲ್ ಎಣ್ಣೆಗಳಲ್ಲಿ ಕ್ಯಾಲ್ಸಿಯಂ ಮೂಲದ ಡಿಟರ್ಜೆಂಟ್ ಹೆಚ್ಚು. ಅದು ಸೂಪರ್ ನಾಕ್‌ಗೆ ಒತ್ತಾಸೆಯಾಗುತ್ತದೆ. ಈ ತೊಂದರೆಯನ್ನು ಗಮನದಲ್ಲಿಟ್ಟೇ 2020ರಲ್ಲಿ ಎಪಿಐ ಎಸ್‌ಪಿ ಎಂಬ ದರ್ಜೆ ಬಂತು. ಡಬ್ಬಿಯ ಮೇಲೆ ಆ ಎರಡು ಅಕ್ಷರ ನೋಡಿ ಕೊಳ್ಳುವುದು ಯಾವ ಬೂಸ್ಟರ್ ಬಾಟಲಿಗಿಂತಲೂ ಮೇಲು.

ಇನ್ನು ಪೆಟ್ರೋಲ್. ಒಂದು ಕಾಲಕ್ಕೆ ಎಕ್ಸ್‌ಪಿ 95ರಂಥ ದುಬಾರಿ ಪೆಟ್ರೋಲಿಗೆ ನಿಜವಾದ ಅರ್ಥವಿತ್ತು; ಸಾಮಾನ್ಯ ಬಿಎಸ್-6 ಪೆಟ್ರೋಲಿನ ಆಕ್ಟೇನ್, ಅಂದರೆ ನಾಕ್ ತಾಳುವ ಶಕ್ತಿಯ ಅಳತೆ, ಕನಿಷ್ಠ 91 ಇದ್ದರೆ ಸಾಕಿತ್ತು. ಬೆಂಗಳೂರಿನಲ್ಲಿ 2023ರ ಫೆಬ್ರುವರಿಯಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇ 20ರಷ್ಟು ಎಥೆನಾಲ್ ಬೆರೆತ ಇ20 ಮಾರಾಟಕ್ಕೆ ಚಾಲನೆ ಸಿಕ್ಕಿತು; 2025ರ ಹೊತ್ತಿಗೆ ದೇಶದ ಬಂಕುಗಳಲ್ಲಿ ಅದೇ ಸಾಮಾನ್ಯ ಪೆಟ್ರೋಲಾಯಿತು. ಇ20ಯ ಮಾನದಂಡ ಕೇಳುವ ಕನಿಷ್ಠ ಆಕ್ಟೇನ್ 95. ಎಥೆನಾಲ್ ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಕಾವನ್ನು ಹೀರುತ್ತದೆ. ಮೈಲೇಜ್ ಇಳಿಕೆ, ಹಳೆಯ ಗಾಡಿಗಳ ರಬ್ಬರ್ ಬಾಳಿಕೆ ಕುರಿತ ದೂರುಗಳಲ್ಲಿ ಹುರುಳಿದೆ. ಎಥೆನಾಲ್‌ನಲ್ಲಿ ಶಕ್ತಿ ಮೂರನೇ ಒಂದರಷ್ಟು ಕಡಿಮೆ. ಆದರೆ ಬಿಸಿಲಿನ ನಾಕ್ ಒಂದನ್ನೇ ತೂಗಿದರೆ, ಇ20ಗೆಂದೇ ಹೊಂದಿಸಿದ ಟರ್ಬೊಗೆ ಇದು ಉಪಕಾರಿ. ಹರಪನಹಳ್ಳಿ ಸೀಮೆಯ ಮೆಕ್ಕೆಜೋಳದಂಥ ಬೆಳೆ ಇಂದು ಎಥೆನಾಲ್ ಕಾರ್ಖಾನೆಗಳಿಗೆ ಕಚ್ಚಾಮಾಲು. ಬಿಸಿಲಿನಲ್ಲಿ ಬೆಳೆದದ್ದೇ ಬಿಸಿಲಿಗೆ ಮದ್ದಾಗಿದೆ. 95ರ ಹೆಸರಿನಲ್ಲಿ ಹೆಚ್ಚು ಹಣ ಕೊಡುವುದಕ್ಕೆ ಮೊದಲಿದ್ದ ಕಾರಣ ಬಹುಪಾಲು ಕರಗಿದೆ. ಆಯ್ದ ನಗರಗಳಲ್ಲಿ ಸಿಗುವ 100 ಆಕ್ಟೇನ್ ಪೆಟ್ರೋಲ್ ವ್ಯತ್ಯಾಸ ಮಾಡುತ್ತದೆ, ನಿಜ. ಅದರ ಬೆಲೆಗೆ ಗೇರ್ ಇಳಿಸುವುದೇ ಲೇಸು.

ಆಕ್ಟೇನ್ ಬೂಸ್ಟರ್ ಬಾಟಲಿಗಳ ಜಾಹೀರಾತಿನಲ್ಲಿ ಲೆಕ್ಕದ ಚಮತ್ಕಾರವಿದೆ. ‘30 ಪಾಯಿಂಟ್’ ಎಂದರೆ ಹಲವು ಬಾಟಲಿಗಳಲ್ಲಿ 3 ಆಕ್ಟೇನ್ ಅಷ್ಟೇ. ಮ್ಯಾಂಗನೀಸ್ ಮೂಲದ ಬೂಸ್ಟರ್ ಸ್ಪಾರ್ಕ್ ಪ್ಲಗ್ ಮೇಲೆ ಕೆಂಪು ಲೇಪ ಬಿಡುತ್ತದೆ. ಕಾರಿನ ಕಂಪ್ಯೂಟರಿನ ಲೆಕ್ಕವನ್ನೇ ತಿದ್ದುವ ರೀಮ್ಯಾಪ್ ಇನ್ನೂ ಅಪಾಯಕರ. ತಯಾರಕರು ಬಿಸಿಲಿಗೆಂದೇ ಉಳಿಸಿಟ್ಟ ಅವಕಾಶವನ್ನು ಅದು ಶಕ್ತಿಯಾಗಿ ಮಾರುತ್ತದೆ. ಬೆಂಗಳೂರಿನ ತಂಪು ಸಂಜೆಯಲ್ಲಿ ಹೊಂದಿಸಿದ ಲೆಕ್ಕ ಕೊಟ್ಟೂರಿನ ಮೇ ಮಧ್ಯಾಹ್ನಕ್ಕೆ ಹೊಂದುವುದಿಲ್ಲ, ವಾರಂಟಿಗೂ ಕುತ್ತು.

ಉಳಿದ ರೂಢಿಗಳನ್ನು ಬೇಗ ತೂಗಬಹುದು. ನಿಲ್ಲಿಸುವ ಮುನ್ನ ಒಂದು ನಿಮಿಷ ಐಡ್ಲಿಂಗ್ ಬಿಡುವುದು ಟರ್ಬೊ ಬೇರಿಂಗಿಗೆ ಒಳ್ಳೆಯದು, ನಾಕ್‌ಗೂ ಅದಕ್ಕೂ ಸಂಬಂಧವಿಲ್ಲ. ಎಸಿ ಆರಿಸುವುದರಿಂದ ಲಾಭ ಅಲ್ಪ. ಕೂಲೆಂಟ್ ಬದಲು ಬೋರ್‌ವೆಲ್ ನೀರು ತುಂಬುವುದು ಮಾತ್ರ ದೊಡ್ಡ ತಪ್ಪು. ನಮ್ಮ ಗಡಸು ನೀರು ರೇಡಿಯೇಟರಿನೊಳಗೆ ಬಿಳಿ ಹೆಪ್ಪು ಕಟ್ಟುತ್ತದೆ, ಸಿಲಿಂಡರಿನ ಗೋಡೆಯ ಕಾವು ಇಳಿಯುವುದಿಲ್ಲ, ಆ ಕಾವೇ ಮೂಲೆಯ ಮಿಶ್ರಣವನ್ನು ಸಿಡಿಸುತ್ತದೆ.

ಯಾರೂ ಮಾರದ, ಆದ್ದರಿಂದ ಯಾರೂ ಹೇಳದ ಉಪಾಯವೊಂದಿದೆ. ಸುಗ್ಗಿಯಲ್ಲಿ ನಮ್ಮ ರಸ್ತೆಗಳೇ ಕಣ. ಹುರುಳಿ, ನವಣೆ, ಜೋಳವನ್ನು ಡಾಂಬರಿನ ಮೇಲೆ ಹರಡಿ ವಾಹನಗಳಿಂದ ತುಳಿಸುತ್ತೇವೆ. ಆ ಹೊಟ್ಟು, ಸಿಪ್ಪೆ, ಜೊತೆಗೆ ಕೆಮ್ಮಣ್ಣಿನ ಧೂಳು ಕಾರಿನ ಮುಂಭಾಗದ ಜಾಲರಿ ದಾಟಿ ಎಸಿ ಕಂಡೆನ್ಸರ್, ಇಂಟರ್‌ಕೂಲರ್, ರೇಡಿಯೇಟರುಗಳ ಸಂದಿಯಲ್ಲಿ ತುಂಬಿಕೊಳ್ಳುತ್ತವೆ. ಚಳಿಗಾಲದಲ್ಲಿ ತುಂಬಿದ್ದು ಮಾರ್ಚ್ ಬಿಸಿಲಿನಲ್ಲಿ ಕಾಟ ಕೊಡುತ್ತದೆ. ಇಂಟರ್‌ಕೂಲರಿನ ದಕ್ಷತೆ ಶೇ 70ರಿಂದ 50ಕ್ಕೆ ಇಳಿದರೆ, ಮೇಲಿನ ಲೆಕ್ಕದಲ್ಲಿ ಒಳಗಾಳಿ 67ರಿಂದ 83 ಡಿಗ್ರಿಗೆ ಏರುತ್ತದೆ. ತಂಪು ಹೊತ್ತು ಮತ್ತು ಮಧ್ಯಾಹ್ನಗಳ ನಡುವೆ ಇದ್ದ ಅಂತರಕ್ಕೆ ಹೆಚ್ಚುಕಡಿಮೆ ಅಷ್ಟೇ ಮತ್ತೆ ಸೇರಿದಂತೆ. ಯುಗಾದಿಗೆ ಮುನ್ನ ಒಮ್ಮೆ, ರೆಕ್ಕೆಗಳು ಬಾಗದಂತೆ ಕಡಿಮೆ ಒತ್ತಡದ ನೀರಿನಲ್ಲಿ ಇವನ್ನು ತೊಳೆಸಿದರೆ ಸಾಕು.

ತಯಾರಕರ ಮೇಲಿನ ಆಕ್ಷೇಪ ಹಾಗೆಯೇ ಉಳಿಯುತ್ತದೆ. ಒಳಗಾಳಿಯ ಕಾವು ಎಷ್ಟು, ಸ್ಪಾರ್ಕ್ ಎಷ್ಟು ಹಿಂದೆ ಸರಿದಿದೆ ಎಂಬುದೆಲ್ಲ ಕಾರಿನ ಕಂಪ್ಯೂಟರಿಗೆ ಕ್ಷಣಕ್ಷಣವೂ ಗೊತ್ತು. ಅಗ್ಗದ ಒಬಿಡಿ ಸಾಧನ ಚುಚ್ಚಿ ಮೊಬೈಲಿನಲ್ಲಿ ಕಾವನ್ನು ಓದಬಹುದು. ಸನ್‌ರೂಫನ್ನು ಬರೀ ಮಾತಿನಿಂದಲೇ ತೆರೆಸಲು ಪೈಪೋಟಿ ನಡೆಸುವ ಕಂಪನಿಗಳಿಗೆ, ದೊಡ್ಡ ಪರದೆಯ ಮೂಲೆಯಲ್ಲಿ ‘ಎಂಜಿನ್ ಶಾಖ ಹೆಚ್ಚಿದೆ, ಗೇರ್ ಇಳಿಸಿ’ ಎಂದು ಬರೆಯುವುದು ಕಷ್ಟವೇನಲ್ಲ. ಗೇರ್ ಸೂಚಕ ಇರುವ ಕಾರುಗಳಲ್ಲೂ ಅದು ಮೈಲೇಜಿನ ಮೋಹದಿಂದ ಹೆಚ್ಚಾಗಿ ಮೇಲಿನ ಗೇರನ್ನೇ ತೋರಿಸುತ್ತದೆ. ಬಿಸಿಲುನಾಡಿನ ಚಾಲಕನಿಗೆ ಅದು ದುರ್ಬೋಧನೆ. ಎಂಜಿನ್ನನ್ನು ಉಳಿಸುವ ಪರೀಕ್ಷೆಯಲ್ಲಿ ಈ ವ್ಯವಸ್ಥೆ ಪಾಸಾಗಿದೆ. ಅದನ್ನು ಓಡಿಸುವವನಿಗೆ ಕಾರಣ ತಿಳಿಸುವ ಪರೀಕ್ಷೆಗೆ ಇನ್ನೂ ಕೂತೇ ಇಲ್ಲ.